ಕೆಂಚಯ್ಯನ ಬೆನ್ನು

ತೊಟ್ಟಿಯ ನೀರು ಮುಟ್ಟಿದನೆಂದು ಊರ ಧಣಿ ರಾಮಣ್ಣ ಹದಿನಾರರ ಕೆಂಚಯ್ಯನ ಬೆನ್ನಿಗೆ ಕುದಿಯುವ ನೀರು ಎರಚಿದ್ದ. ಹಂಡೆ ಮಗುಚಿತು ಎಂದು ಊರು ಹೇಳಿಕೊಂಡಿತು.

ಈಗ, ಹಾಸನದ ಆಸ್ಪತ್ರೆಯಿಂದ ತಂದ ಕೆಂಚಯ್ಯನ ಹೆಣವನ್ನು ಮನೆಯೆದುರು ಬೆಂಚಿನ ಮೇಲೆ ಕೂರಿಸಿದ್ದರು. ನೆಂಟರಿಬ್ಬರು ತೋಳು ಹಿಡಿದಿದ್ದರು. ಮಗಳು ಭಾನುಪ್ರಿಯಾ ನೀರು ಹೊಯ್ಯುತ್ತಿದ್ದಳು. ಬೆನ್ನು ಬೀದಿಗೆ ಕಾಣುತ್ತಿತ್ತು: ಕುತ್ತಿಗೆಯಿಂದ ಸೊಂಟದವರೆಗೆ ಗಂಟುಗಂಟಾದ, ಒಂದು ರೋಮವೂ ಇಲ್ಲದ ಚರ್ಮ.

“ಲೇ ಭಾನೂ, ಬೆಂಚು ತಿರುಗ್ಸು. ಬೆನ್ನು ಗ್ವಾಡೆ ಕಡೆ ಮಾಡು,” ಎಂದ ಚಿಕ್ಕಪ್ಪ ಸಣ್ಣಯ್ಯ. “ರಾಮಣ್ಣೋರು ಬತ್ತಾವ್ರೆ. ಅರಕಲಗೂಡಿಂದ ಊವಿನ ಆರ ತರ್ಸವ್ರಂತೆ.”

“ಬರ್ಲಿ.”

“ಬರ್ಲಿ ಅಂತೀಯ. ನೀನು ನಾಳಿದ್ದು ಲ್ಯಾಬಿಗೆ ಒಂಟೋಯ್ತೀಯ. ನಾನು ಕೂಲಿಗೆ ಅವ್ರ ಒಗೆಸೊಪ್ಪು ಒಣಗ್ಸೋ ಬ್ಯಾರನ್‌ಗೇ ಓಗ್ಬೇಕು ಕಣವ್ವ.”

*

ಹೋದ ಯುಗಾದಿಗೆ ಬಂದಾಗ ಭಾನು ಅಪ್ಪನಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದಳು. ಗುಲಾಬಿ ಬಣ್ಣದ ದ್ರವದಲ್ಲಿ ಕಾಳಿನಷ್ಟು ಉಂಡೆ, ಸುತ್ತ ಎಳೆಗೂದಲು.

“ಏನವ್ವಾ ಇದು, ಕಂಬ್ಳಿಹುಳಾನಾ?”

“ಚರ್ಮ ಕಣಪ್ಪ. ಮನುಷ್ಯರ ಕಾಂಡಕೋಶದಿಂದ ಲ್ಯಾಬಲ್ಲಿ ನಾವೇ ಬೆಳ್ಸಿದ್ದು. ತಿಂಗ್ಳುಗಟ್ಲೆ ಸಾಕ್ಬೇಕು.”

“ಕೂದ್ಲೂ ಬಂದದೆ! ಬೆವರ್ತದಾ?”

“ಅದಿನ್ನೂ ಆಗಿಲ್ಲ.”

“ಅಂಗಾರೆ ನನ್ ಬೆನ್ನಿನ ಜಾತಿ ಬುಡು,” ಎಂದು ಕೆಂಚಯ್ಯ ನಕ್ಕಿದ್ದ. ಆ ಬೆನ್ನು ಬೆವರುತ್ತಿರಲಿಲ್ಲ. ಬ್ಯಾರನ್ನಿನ ಕಾವಿಗೆ ಎಷ್ಟೋ ಸಲ ಕುಸಿದುಬಿದ್ದಿದ್ದ. ಕುಡಿದು ಬಂದಿದ್ದಾನೆ ಎಂದು ರಾಮಣ್ಣ ಬೈದು ಅಟ್ಟುತ್ತಿದ್ದ.

“ಮನುಷ್ಯರಿಗೆ ಅಂಟಿಸ್ತಾರಾ ಇದ್ನ?”

“ಈಗ್ಲೇ ಇಲ್ಲ. ಇಲಿ ಬೆನ್ನಿಗೆ ಕಸಿ ಮಾಡವ್ರೆ.”

“ಓಹೋ, ಇಲಿ ಸರದಿ ಮೊದ್ಲು ಬಂತಾ!”

ಆಮೇಲೆ ಅಂಗಿ ಎಳೆದುಕೊಂಡು ಹೇಳಿದ್ದ: “ನಂಗೆ ಬ್ಯಾಡ ಕಣವ್ವ. ಈ ಬೆನ್ನೂ ಮುಚ್ಚೋದ್ರೆ, ಅಂಡೇನೇ ಮಗುಚ್ತು ಅನ್ನೋದೇ ನಿಜ ಆಯ್ತದೆ.”

*

ಕೇರಿಯ ತಿರುವಿನಲ್ಲಿ ಕಾರು ನಿಂತಿತು. ಮಗನ ತೋಳು ಹಿಡಿದು ರಾಮಣ್ಣ ಇಳಿದ. ಸಣ್ಣಯ್ಯ ಓಡಿಬಂದು ಬೆಂಚಿನ ಒಂದು ತುದಿ ಹಿಡಿದ.

“ಎತ್ತವ್ವ ಆ ಕಡೆ. ನಿನ್ ಕಾಲಿಗೆ ಬೀಳ್ತೀನಿ.”

“ಎತ್ತಲ್ಲ, ಚಿಗಪ್ಪ.”

“ಮ್ಯಾಲೊಂದು ಟವೆಲ್ಲಾದ್ರೂ ಆಕು!”

ಭಾನು ಚೊಂಬು ಅದ್ದಿ ಮತ್ತೆ ಬೆನ್ನಿಗೇ ನೀರು ಹೊಯ್ದಳು.

ಬಾಗಿಲಲ್ಲಿ ಕೂತಿದ್ದ ಕೆಂಚಯ್ಯನ ಹೆಂಡತಿ ಮಾದಮ್ಮ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೂ ಬೀದಿಗೆ ಬೆನ್ನು ಮಾಡಿ, ಗಂಡನ ಮಗ್ಗುಲಿಗೆ ಒದ್ದೆ ಬೆಂಚಿನ ಮೇಲೆ ಕೂತಳು.

“ಈಗ ಎತ್ಲಾ, ನೋಡಾನ,” ಎಂದಳು ಮೈದುನನಿಗೆ.