ಮದುಮಗನ ಗಾಡಿ

ಗಾಡಿ ಕೆಸರಿನಲ್ಲಿ ಹೂತಾಗ ಮದುಮಗನಿಗೆ ಖುಷಿಯಾಯಿತು. ಅದು ಮುಖದ ಮೇಲೆ ಕಂಡೀತೆಂದು ಶುಭಮ್ ಬಾಸಿಂಗದ ದಾರ ಬಿಗಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ.

ಕುಲಗೋಡದಿಂದ ಹುಕ್ಕೇರಿಗೆ ಡಾಂಬರು ರಸ್ತೆಯಲ್ಲೇ ಹೋಗಬಹುದಿತ್ತು. ದಿಬ್ಬಣದ ಮಂದಿ ಟೆಂಪೊ ಹತ್ತಿ ಬೆಳಿಗ್ಗೆಯೇ ಹಾಗೆ ಹೋಗಿದ್ದರು. ಮದುಮಗ, ಅವನ ಅಜ್ಜಿ, ಸೋದರಮಾವ ಮೂವರೂ ಹೊರಡುವ ಹೊತ್ತಿಗೆ ಕಬ್ಬಿನ ಟ್ರ್ಯಾಲಿಯೊಂದು ಪಲ್ಟಿಯಾಗಿ ದಾರಿ ಕಟ್ಟಿಹೋಗಿತ್ತು. ಗಾಡಿ ನಡೆಸುತ್ತಿದ್ದ ಸೋದರಮಾವ ಯಲ್ಲಾರಿಗೆ ಅಷ್ಟೇ ಬೇಕಾಗಿತ್ತು. ಹೊಸ ಫೋರ್ ವ್ಹೀಲ್ ಗಾಡಿ ತಂದಾಗಿನಿಂದ ಅವನು ಒಳ್ಳೆಯ ರಸ್ತೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದ.

"ನಾಕೂ ಗಾಲಿ ತಿರಗೂ ಗಾಡಿಗೆ ದಾರಿ ಯಾಕ ಬೇಕೋ?" ಎನ್ನುತ್ತ ಕಬ್ಬಿನ ಹೊಲಗಳ ನಡುವಿನ ಹಾದಿಗೆ ಇಳಿಸಿದ. ಮುಂದೆ ಕಾಲುವೆ ಒಡೆದು ಎರೆಮಣ್ಣಿನಲ್ಲಿ ನೀರು ನಿಂತಿತ್ತು. ಗಾಡಿ ಅದರೊಳಗೆ ಹೊಕ್ಕು ಎಮ್ಮೆಯ ಹಾಗೆ ಕೂತುಬಿಟ್ಟಿತು.

ಹಿಂದಿನ ಸಂಜೆ ಮದುಮಗಳು ಸುಮನ ಶುಭಮ್‌ಗೆ ಫೋನ್ ಮಾಡಿದ್ದಳು. "ನನ್ನ ಮನಸು ಬ್ಯಾರೆ ಕಡೆ ಐತ್ರಿ. ಅಪ್ಪಾಗ ಹೇಳಿದ್ರ ಜೀವಂತ ಬಿಡೂದಿಲ್ಲ. ನೀವರ ಏನಾರ ಮಾಡ್ರಿ" ಎಂದು ಅತ್ತಿದ್ದಳು. ಏನು ಮಾಡುವುದು? ನಿಜ ಹೇಳಿದರೆ ಅವಳ ಗತಿ ಅಷ್ಟೇ. ತಾನೇ ಒಲ್ಲೆ ಎಂದರೂ ಮಂದಿ ಹುಡುಗಿಯಲ್ಲೇ ಹುಳುಕು ಹುಡುಕುತ್ತಾರೆ. ಅರಿಶಿನ ಹಚ್ಚಿಸಿಕೊಂಡು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಈಗ ಈ ಕೆಸರು ಹಿಡಿದುಕೊಂಡರೆ, ಮುಹೂರ್ತ ಮೀರಿದರೆ, ಯಾರ ಹೆಸರೂ ಕೆಡದೆ ಎಲ್ಲ ಮುಗಿಯುತ್ತದೆ ಎಂದುಕೊಂಡ.

ಮಾವ ಗೇರಿನ ಹತ್ತಿರದ, ನೆಲಕ್ಕೆ ತಕ್ಕ ಓಟ ಆರಿಸುವ ಗುಂಡಿ ತಿರುಗಿಸಿ ಹಿಮದ ಚಿತ್ರಕ್ಕೆ ತಂದ. "ಹಿಮ ಅಂದ್ರೂ ಜಾರತೈತಿ, ಕೆಸರಂದ್ರೂ ಜಾರತೈತಿ" ಎಂಬುದು ಅವನ ಲೆಕ್ಕ. ಗೋಕಾಕ ಸೀಮೆಯ ಯಾವ ಮುತ್ತಜ್ಜ ಹಿಮ ನೋಡಿದ್ದನೋ ದೇವರೇ ಬಲ್ಲ. ಹಿಮದ ಚಿತ್ರದಲ್ಲಿ ಎಂಜಿನ್ ಜೋರು ಮಾಡಲು ಗಾಡಿಯೇ ಬಿಡುವುದಿಲ್ಲ; ಎಷ್ಟು ತುಳಿದರೂ ಗಾಡಿ ನರಳಿತೇ ಹೊರತು ಮಿಸುಕಲಿಲ್ಲ. ಆಮೇಲೆ ಮರಳಿನ ಚಿತ್ರಕ್ಕೆ ತಂದು ತುಳಿದ. ಗಾಲಿಗಳು ಗರಗರ ತಿರುಗಿ ಇನ್ನಷ್ಟು ಆಳಕ್ಕೆ ಇಳಿದವು. ಗಾಡಿ ತಂದ ದಿನ ಅದರ ಪುಸ್ತಕ ಓದಿದವನು ಶುಭಮ್ ಒಬ್ಬನೇ. ಗುಂಡಿಯನ್ನು ಕೆಸರಿನ ಚಿತ್ರಕ್ಕೆ ತಂದು, ನಾಲ್ಕೂ ಗಾಲಿಗೆ ನಿಧಾನದ ಬಲ ಕೊಡುವ ಫೋರ್ ಲೋ ಹಾಕಿ, ಗಟ್ಟಿ ನೆಲವಿರುವ ಹಿಂದಿನ ಕಡೆಗೆ ಮೆಲ್ಲಗೆ ತೆಗೆದರೆ ಸಾಕೆಂದು ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಪಕ್ಕದ ಹೊಲದ ದುರ್ಗಪ್ಪ ಟ್ರ್ಯಾಕ್ಟರ್ ತಂದು ಹಿಂದೆ ನಿಲ್ಲಿಸಿದ. "ಹಗ್ಗಾ ಕಟ್ರಿ, ಹಿಂದ ಜಗ್ಗತೇನಿ" ಎಂದ.

"ಹಿಂದ ಬ್ಯಾಡ," ಎಂದಳು ಶುಭಮ್ ಪಕ್ಕದಲ್ಲಿ ಹಿಂದೆ ಕೂತಿದ್ದ ಅಜ್ಜಿ, ಆಯಿ ಉದ್ದವ್ವ. "ಲಗ್ನಕ್ಕ ಹೊಂಟ ಮದುಮಗನ ಗಾಡಿ ಹಿಂದ ಸರೀಬಾರದು. ಕಲ್ಲೋಳಿ ಬೀರಸಿದ್ದಪ್ಪಂದು ಏನಾತು, ನೆನಪೈತಿಲ್ಲೊ?"

ಎಲ್ಲರಿಗೂ ನೆನಪಿತ್ತು. ಬೀರಸಿದ್ದಪ್ಪನ ಜೀಪು ಹಳ್ಳದ ದಂಡೆಯಲ್ಲಿ ಹಿಂದಕ್ಕೆ ಜಾರಿತ್ತು. ಅಪಶಕುನವೆಂದು ಎರಡೂ ಕಡೆಯವರು ಅಲ್ಲಿಗೇ ಮದುವೆ ಬಿಟ್ಟಿದ್ದರು. ಆ ಹುಡುಗಿಗೆ ಬೇಗನೆ ಬೇರೆ ಕಡೆ ಕೂಡಿಬಂತು. ಅವನಿಗೆ ಮಾತ್ರ ಯಾರೂ ಹೆಣ್ಣು ಕೊಡಲಿಲ್ಲ. ಈಗ ತಲೆ ನೆರೆತು, ತಾನೇ ರೊಟ್ಟಿ ಬಡಿದುಕೊಂಡು ತಿನ್ನುತ್ತಾನೆ.

"ಹಂಗಾರ ಕಾಲುವಿ ದಂಡಿ ಹಿಡದು ಸುತ್ತ ಹಾಕಿ ಮುಂದ ಬರತೇನ್ರಿ, ಮುಂದಕ್ಕ ಜಗ್ಗೂನು" ಎಂದು ದುರ್ಗಪ್ಪ ಟ್ರ್ಯಾಕ್ಟರ್ ತಿರುಗಿಸಿದ.

ಮಾವನ ಫೋನ್ ರಿಂಗಾಯಿತು. ಹುಡುಗಿಯ ಅಪ್ಪ. "ಸಾವಕಾಶ ಬರ್ರಿ. ಊಟದ ಮ್ಯಾಲೆ ಇನ್ನೊಂದು ಮುಹೂರ್ತ ಐತಿ ಅಂತಾರ ಸ್ವಾಮಿಗಳು. ಕಾಯ್ತೇವಿ" ಎಂದ. ಮಾವ ನಕ್ಕ, ಆಯಿ ಕೈ ಮುಗಿದಳು.  ಕೆಸರೂ ಕೈ ಕೊಟ್ಟಿತೆಂದುಕೊಂಡ ಶುಭಮ್. ಕಬ್ಬಿನ ಆಚೆ ಟ್ರ್ಯಾಕ್ಟರಿನ ಸದ್ದು ಸುತ್ತು ಹಾಕಿ ಹತ್ತಿರ ಬರುತ್ತಿತ್ತು.

"ಮಾವ, ನೀವ ಇಳೀರಿ. ನಾ ಒಂದ ಸಲ ನೋಡತೇನಿ."

"ಮದುಮಗ ಸ್ಟೇರಿಂಗ್ ಹಿಡೀತಾನೇನೋ?" ಎಂದು ಗೊಣಗುತ್ತಲೇ ಮಾವ ಕೆಸರಿಗೆ ಇಳಿದ. ಶುಭಮ್ ಸೀಟುಗಳ ನಡುವೆ ನುಸುಳಿ ಮುಂದೆ ಕೂತ. ಗುಂಡಿಯನ್ನು ಕೆಸರಿನ ಚಿತ್ರಕ್ಕೆ ತಂದ. ಫೋರ್ ಲೋ ಹಾಕಿದ.  ರೊಟ್ಟಿ ಬಡಿಯುವ ಬೀರಸಿದ್ದಪ್ಪ ಕಣ್ಣ ಮುಂದೆ ಬಂದ. ಭಯವೇ ಆಯಿತು, ಸುಳ್ಳೇಕೆ. ಆದರೂ ರಿವರ್ಸಿಗೆ ಹಾಕಿ ಮೆಲ್ಲಗೆ ತುಳಿದ.

ಗಾಡಿ ಒಮ್ಮೆ ಅಲುಗಾಡಿತು. ಗಾಲಿಗಳು ಮಣ್ಣು ಕಾರುತ್ತ ಒಂದು ಮೊಳ ಹಿಂದೆ ಬಂದವು, ಮತ್ತೊಂದು ಮೊಳ ಬಂದವು. "ಏ, ಮುಂದಕ್ಕೋ, ಮುಂದಕ್ಕ" ಎಂದು ಮಾವ ಬಾನೆಟ್ ಬಡಿಯುತ್ತ ಬೆನ್ನು ಹತ್ತಿದ. ಶುಭಮ್ ನಿಲ್ಲಿಸಲಿಲ್ಲ. ಗಟ್ಟಿ ನೆಲ ದಾಟಿ, ಅವರು ಹೊಲಕ್ಕೆ ತಿರುಗಿದ್ದ ಬೇವಿನ ಮರದ ತನಕ ಹಿಂದಕ್ಕೇ ತಂದು ನಿಲ್ಲಿಸಿದ.

ಏದುಸಿರು ಬಿಡುತ್ತ ಬಂದ ಮಾವ ತಲೆಯ ಮೇಲೆ ಕೈ ಹೊತ್ತು ಕೂತ.  ಕೊನೆಗೆ ಆಯಿಯೇ ಫೋನ್ ಹಚ್ಚಿಸಿದಳು.

"ಗಾಡಿ ಹಿಂದ ಬಂತ್ರಿ, ಬೀಗರ. ಈ ಲಗ್ನ ಬ್ಯಾಡ್ರಿ. ನಿಮ್ಮ ಹುಡುಗೀದು ಏನೂ ತಪ್ಪಿಲ್ಲ, ದೋಷ ನಮ್ಮ ಹುಡುಗಂದು. ನಾಕ ಮಂದಿ ಮುಂದ ಹಂಗ ಹೇಳ್ರಿ."

ಆ ಕಡೆಯಿಂದ ಬೈಗುಳ ಬಂತು. ಆಯಿ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳು. ಮುಂದೆ ಬಾಗಿ ಮೊಮ್ಮಗನ ಬಾಸಿಂಗದ ಗಂಟು ಬಿಚ್ಚತೊಡಗಿದಳು. ಅವಳ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ.

"ಹಿಂದಿನ ಗೇರ್ ಅಂತ ಗೊತ್ತಿದ್ದ ಹಾಕಿದೆಲ್ಲೋ?"

"ಹೂಂ, ಆಯಿ."

ಅವಳು ಬಾಸಿಂಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, "ಹುಡುಗಿ ಚಲೋ ಇದ್ಲು" ಎಂದಳು.

"ಭಾಳ ಚಲೋ ಇದ್ಲು, ಆಯಿ" ಎಂದ ಶುಭಮ್. ಅಲ್ಲಿಯತನಕ ತಡೆದುಕೊಂಡಿದ್ದವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.