ಮೊಣಕಾಲಿನ ಕಷಾಯ

ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಮಡಿವಾಳೆಪ್ಪನಿಗೆ, ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಮನೆಯಲ್ಲೇ ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡುವ ಕಿಟ್ ತಂದುಕೊಟ್ಟ. ಡಬ್ಬಿ ತುಂಬ ಕಪ್ಪು ಮಾಲ್ಟ್ ಪಾಕ, ಜೊತೆಗೆ ಒಂದು ಪೊಟ್ಟಣ ಯೀಸ್ಟ್. ಲಿಂಗವಂತರ ಮನೆ, ಹೊರಗೆ ಕುಡಿದರೆ ಸಂಪಗಾಂವದ ಬೀಗರವರೆಗೂ ಸುದ್ದಿ ಹೋಗುತ್ತದೆ. ಎಲ್ಲವನ್ನೂ ಡ್ರಮ್ಮಿನಲ್ಲಿ ನೀರಿಗೆ ಕಲಸಿ, ಕಂಬಳಿ ಹೊದಿಸಿ, ಹಿತ್ತಲ ಕೋಣೆಯಲ್ಲಿಟ್ಟ. ಒಳಗಿನ ಗುಳುಗುಳು ಸದ್ದು ಕೇಳಿ ತಾಯಿ ರಾಚವ್ವ ಏನದು ಎಂದಾಗ, "ಮೊಣಕಾಲಿನ ಕಷಾಯ" ಎಂದುಬಿಟ್ಟ.

ಅಲ್ಲೇ ಸಿಕ್ಕಿಬಿದ್ದ. ಮೊಣಕಾಲು ನೋವಿದ್ದದ್ದೇ ರಾಚವ್ವನಿಗೆ! ದಿನಾ ಕೋಲೂರಿಕೊಂಡು ಬಂದು "ಆತೇನೋ ಕಷಾಯ?" ಎಂದು ಅವನ ಜೀವ ಹಿಂಡತೊಡಗಿದಳು. ತಿಂಗಳು ಕಳೆದು ಒಂದು ಮಧ್ಯಾಹ್ನ ಅವನು ಬಾಟಲಿಗಳಿಗೆ ತುಂಬಿಟ್ಟಿದ್ದರಲ್ಲಿ ಮೊದಲನೆಯದನ್ನು ತೆರೆದ ಸದ್ದಿಗೆ ಮುದುಕಿ ಬಂದು ಬಾಗಿಲಲ್ಲೇ ಕೂತಳು. ಬೇರೆ ದಾರಿ ಕಾಣದೆ ಗ್ಲಾಸು ಓರೆ ಮಾಡಿ ಸುರಿದುಕೊಟ್ಟ. ಕಪ್ಪಗೆ ತುಂಬಿ, ಮೇಲೆ ಕಂದು ನೊರೆ ಕಟ್ಟಿತು.

ಲಿಂಗಕ್ಕೆ ತೋರಿಸದೆ ರಾಚವ್ವ ಏನನ್ನೂ ಬಾಯಿಗಿಡುವವಳಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಗೆ ಕೈಹಾಕಿದಳು.

"ತಡೀಯವ್ವಾ!" ಮಡಿವಾಳೆಪ್ಪ ಚೀರಿದ. "ಲಿಂಗಕ್ಕ ತೋರಸಬ್ಯಾಡ."

ಮುದುಕಿ ಗ್ಲಾಸನ್ನು ಮೂಸಿದಳು. "ನಿಮ್ಮಪ್ಪನೂ ಕಷಾಯ ಅಂತನ ಹೇಳತಿದ್ದ" ಎಂದು ಅದನ್ನು ಅವನ ಕೈಗಿಟ್ಟಳು. "ಕುಡಿ."

"ನಿನ್ನ ಮುಂದ ಹೆಂಗ ಕುಡೀಲಿ?"

ರಾಚವ್ವ ಬಾಗಿಲಿಗೆ ಕೋಲು ಅಡ್ಡವಿಟ್ಟು ಕಾಲು ಚಾಚಿದಳು. "ಕುಡಿಯೂದನ್ನ ನೋಡ್ಕೋತ ಕುಂಡ್ರೂದು ನನಗೇನ ಹೊಸಾದಲ್ಲ."