ನುಂಗಕ್ಕ

ಮಲಗುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಅವಳೇ ಎದ್ದು ತೆಗೆದಳು. ಹೊರಗೆ ಅಣ್ಣನ ಮಗ ನಿಂತಿದ್ದ. ಕೊರಳಿನಲ್ಲಿ ಇನ್ನೂ ವಾಹಿನಿಯ ಗುರುತಿನ ಚೀಟಿ ನೇತಾಡುತ್ತಿತ್ತು.

“ಅತ್ತೆ, ನಾಳೆ ನಮ್ಮ ಕಾರ್ಯಕ್ರಮ ನೋಡಬೇಡಿ.”

ಅವನು ‘ಮುಂಬೆಳಗು’ ವಾಹಿನಿಯ ಸಂಕಲನಕಾರ. ವಾಹಿನಿಯ ಲೋಗೋಗಳೂ ಜಿಂಗಲ್‌ಗಳೂ ಬದಲಾಗುತ್ತ ಬಂದ ಕಥೆಯನ್ನು ಆ ಕಾರ್ಯಕ್ರಮಕ್ಕಾಗಿ ಅವನೇ ಜೋಡಿಸುತ್ತಿದ್ದ. ಇತ್ತೀಚಿನವು ಕಂಪ್ಯೂಟರಿನಲ್ಲಿ ಗಿರಗಿರ ತಿರುಗುವಂಥವು. ಜನರಿಗೆ ನೆನಪಿರುವುದು ಮೊದಲನೆಯದೇ. ಬೆಟ್ಟದ ಹಿಂದಿನಿಂದ ಸೂರ್ಯ ಏಳುವ ಚಿತ್ರಗಳನ್ನು ಒಂದೊಂದಾಗಿ ಬರೆದವನು ಅವಳ ಗಂಡ. ಅದರ ಮೇಲೆ ವಾಹಿನಿಯ ಹೆಸರನ್ನು ಎಳೆದು ಹಾಡಿದವಳು ಅವಳು.

ಹಾಡು ಮುಗಿಯುವ ಮೊದಲೇ ಚಿತ್ರಗಳು ಮುಗಿದಿದ್ದವು. ಪ್ರಸಾರ ಆರಂಭವಾಗುವ ದಿನವದು. ಹೊಸದಾಗಿ ಬರೆಯಲು ಪುರುಸೊತ್ತೆಲ್ಲಿ? ಚಿತ್ರ ನಿಂತಲ್ಲಿಗೆ ದನಿಯನ್ನೂ ಕತ್ತರಿಸಿದರು. ‘ಮುಂಬೆಳ’ ಎಂದು ಕೇಳಿಸಿ ಪರದೆ ಕಪ್ಪಾಯಿತು. ಬೀದಿಯ ಮಕ್ಕಳು ವಾಹಿನಿಯನ್ನು ಮುಂಬೆಳ ಎಂದೇ ಕರೆದರು. ಅವಳನ್ನು ನುಂಗಕ್ಕ ಎಂದರು. ಗಂಡನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಅವಳು ಬಾಯಿ ಬಿಡಲಿಲ್ಲ. ಅಕ್ಷರ ನುಂಗುವವಳನ್ನು ಮತ್ತೆ ಯಾರೂ ಮೈಕಿನ ಮುಂದೆ ಕರೆಯಲೂ ಇಲ್ಲ.

ಮೊನ್ನೆ ಕ್ಯಾಮೆರಾ ಮನೆಗೇ ಬಂದಿತ್ತು. ಅದರೆದುರು ಗಂಡ ಗಂಟಲು ಸರಿಪಡಿಸಿಕೊಂಡು, “ತಪ್ಪು ನನ್ನದು. ಇವಳು ಪೂರ್ತಿ ಹಾಡಿದ್ದಳು,” ಎಂದಿದ್ದ. ಅಂದಿನಿಂದ ಅವಳು ಪಾತ್ರೆ ತೊಳೆಯುತ್ತ ಗುನುಗತೊಡಗಿದ್ದಳು. ಓರಗಿತ್ತಿಯಿಂದ ಹಿಡಿದು ಹಾಲಿನವನವರೆಗೆ, ತಪ್ಪದೆ ನೋಡಿರೆಂದು ಸಾರಿಬಂದಿದ್ದಳು.

“ಯಾಕೋ? ಟೀವೀಲಿ ನನ್ನ ಮುಖ ಅಷ್ಟು ಸೊಟ್ಟ ಕಾಣತ್ತಾ?”

“ಮುಖ ಇದೆ ಅತ್ತೆ. ‘ತಪ್ಪು ನನ್ನದು’ ಅನ್ನೋ ಆ ಮಾತಿಲ್ಲ. ತೆಗೆಸಿಬಿಟ್ರು. ಅದರ ಬದಲು ನಿರೂಪಕ, ‘ಗಾಯಕಿ ನುಂಗಿದ ಅಕ್ಷರವೇ ನಮ್ಮ ಗುರುತಾಯ್ತು’ ಅಂತ ಕಿಸಿತಾನೆ.”

ಅವಳು ಬಾಗಿಲ ಚಿಲಕ ಹಿಡಿದುಕೊಂಡಳು. ಒಳಗಿನಿಂದ ಗಂಡ ಕನ್ನಡಕ ಏರಿಸುತ್ತ ಬಂದ.

“ತೆಗೆದ್ರಂತಾ? ಉಂಡ ಮನೆಗೆ ಎರಡು ಬಗೆಯೋ ಜನ! ಬೆಳಗಾಗ್ಲಿ, ಆ ನಿರ್ದೇಶಕನ ಗ್ರಹಚಾರ ಬಿಡಿಸ್ತೀನಿ.”

“ನೀವು ಸ್ವಲ್ಪ ಸುಮ್ನಿರಿ,” ಎಂದಳು. “ನಿರ್ದೇಶಕರೇನೋ? ಇಲ್ಲ ಈಗಿನ ಜಿಂಗಲ್ ಹಾಡ್ತಾಳಲ್ಲ, ಆ ಹುಡುಗೀನಾ? ನನ್ನ ಕಂಡ್ರೆ ಅವಳಿಗೆ ಹೊಟ್ಟೆಯುರಿ.”

“ಅವಳಿಗೇನೂ ಗೊತ್ತಿಲ್ಲ. ನಿರ್ದೇಶಕರಿಗಂತೂ ಆ ಮಾತು ಬಹಳ ಹಿಡಿಸಿತ್ತು. ಇವತ್ತು ಸಂಜೆ ಒಂದು ಫೋನ್ ಬಂತು. ಮೊದಲ ಲೋಗೋ ಬರೆದವರಿಗೆ ನಾಳೆ ಸನ್ಮಾನ ಇದೆ, ಅದೇ ದಿನ ಚಿತ್ರಕಾರನ ಮರ್ಯಾದೆ ಹರಾಜಿಗಿಡಬೇಡಿ, ಅಂದ್ರಂತೆ.”

“ಯಾರು?”

“ಹೋಗ್ಲಿ ಬಿಡೆ, ಹಳೇ ಪುರಾಣ,” ಎಂದ ಗಂಡ. ದನಿ ತಟ್ಟನೆ ತಗ್ಗಿತ್ತು. “ಹುಡುಗ ದಣಿದು ಬಂದಿದಾನೆ. ನೀರು ಕೊಡು.”

“ನೀರು ಆಮೇಲೆ. ಹೆಸರು ಹೇಳೋ ಮೊದ್ಲು.”

ಹುಡುಗ ಹಿಂದೆ ಸರಿದು ಮೆಟ್ಟಿಲಿಳಿದ. ತಲೆ ಎತ್ತಲಿಲ್ಲ.

“ಮಾವನೇ, ಅತ್ತೆ.”